ಇದ್ದದ್ದನ್ನು ಇದ್ದ ಹಾಗೆ ಹೇಳುವ ಶಾಲೆ: ಮುಖ್ಯ ಶಿಕ್ಷಕರಿಗೆ ಒಂದು ಸಮಗ್ರ ಮಾರ್ಗದರ್ಶಿ

ಐದನೇ ಕ್ಲಾಸಿನ ಒಬ್ಬ ಹುಡುಗನಿಗೆ ಎರಡನೇ ಕ್ಲಾಸಿನ ಪಾಠ ಓದಲು ಬರುವುದಿಲ್ಲ. ಇದು ಕ್ಲಾಸ್ ಟೀಚರ್‌ಗೆ ಗೊತ್ತು. ಹೆಚ್‌ಎಂಗೆ, ಅಂದರೆ ಮುಖ್ಯ ಶಿಕ್ಷಕರಿಗೆ, ಗೊತ್ತು. ಭೇಟಿಗೆ ಬಂದ ಸಿಆರ್‌ಪಿಗೂ (ಕ್ಲಸ್ಟರ್ ಸಂಪನ್ಮೂಲ ವ್ಯಕ್ತಿ) ಗೊತ್ತು. ಪಕ್ಕದಲ್ಲಿ ಕೂರುವ ಗೆಳೆಯನಿಗಂತೂ ಎಲ್ಲರಿಗಿಂತ ಮೊದಲೇ ಗೊತ್ತು. ಗೊತ್ತಿಲ್ಲದವಳು ಅವನ ಅಮ್ಮ ಒಬ್ಬಳೇ. ಅವಳ ಕೈಗೆ ಸಿಗುವ ಪ್ರಗತಿ ಪತ್ರದಲ್ಲಿ ‘ಬಿ ಪ್ಲಸ್’ ಎಂದಿರುತ್ತದೆ.

ಇದ್ದದ್ದು ಇದ್ದ ಹಾಗೆ ಹೇಳಿದರೆ ಎದ್ದು ಬಂದು ಎದೆಗೆ ಒದ್ದ ಅನ್ನುವ ಗಾದೆ ಇದೆಯಲ್ಲ, ನಮ್ಮ ಶಾಲೆಗಳಲ್ಲಿ ಎಲ್ಲರೂ ಆ ಒದೆಗೇ ಹೆದರುತ್ತಾರೆ. ಟೀಚರ್‌ಗೆ ಹೆಚ್‌ಎಂ ಭಯ. ಹೆಚ್‌ಎಂಗೆ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಭಯ. ಬಿಇಒಗೆ ಜಿಲ್ಲೆ ಎಷ್ಟನೇ ಸ್ಥಾನಕ್ಕೆ ಬೀಳುತ್ತದೋ ಅನ್ನುವ ಭಯ. ಹಾಗಾಗಿ ಕೆಳಗಿನಿಂದ ಮೇಲಿನವರೆಗೂ ನೋಡಲು ಚೆನ್ನಾಗಿರುವ ಅಂಕಿಗಳೇ ಓಡಾಡುತ್ತವೆ. 2023ರಲ್ಲಿ ಎಸ್‌ಎಸ್‌ಎಲ್‌ಸಿ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೊಠಡಿಗಳ ಮೇಲೆ ವೆಬ್‌ಕಾಸ್ಟಿಂಗ್ (ಕ್ಯಾಮೆರಾ ನೇರ ಪ್ರಸಾರ) ಕಣ್ಣು ಬಿತ್ತು. ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಅದೂ ಕೃಪಾಂಕವನ್ನು ಶೇ 10ರಿಂದ 20ಕ್ಕೆ ಏರಿಸಿದ ಮೇಲೆ! ಒಂದೇ ವರ್ಷದಲ್ಲಿ ಮಕ್ಕಳು ಅಷ್ಟೊಂದು ದಡ್ಡರಾಗಲಿಲ್ಲ. ವರ್ಷಗಟ್ಟಲೆ ಯಾರೂ ಹೇಳದೆ ಬಿಟ್ಟಿದ್ದು ಒಂದು ದಿನ ಹೊರಗೆ ಬಂತು, ಅಷ್ಟೇ.

ಈ ಬರಹ ಮುಖ್ಯವಾಗಿ ಸರ್ಕಾರಿ ಪ್ರಾಥಮಿಕ ಮತ್ತು ಪ್ರೌಢಶಾಲೆಗಳ ಹೆಚ್‌ಎಂಗಳಿಗೆ. ಅದರಲ್ಲೂ ‘ಇನ್‌ಚಾರ್ಜ್’ ಆಗಿ ಕೂತವರಿಗೆ. ನಿನ್ನೆಯವರೆಗೆ ಒಟ್ಟಿಗೆ ಟೀ ಕುಡಿಯುತ್ತಿದ್ದವರಿಗೆ ಇವತ್ತು ‘ನಿಮ್ಮ ಕ್ಲಾಸು ಹಿಂದಿದೆ’ ಅಂತ ಹೇಳಬೇಕಾದ ಕಷ್ಟ ಅವರದು. ನಾಯಕತ್ವ ಅಂದ ಕೂಡಲೇ ತರಬೇತಿಗಳಲ್ಲಿ ದೊಡ್ಡ ದೊಡ್ಡ ಮಾತು ಬರುತ್ತವೆ. ನನಗೆ ಗೊತ್ತಿರುವ ಅಳತೆ ಒಂದೇ. ನಿಮ್ಮ ಶಾಲೆಯ ಪ್ರತಿ ಮಗುವಿಗೆ ನಿಜವಾಗಿ ಏನು ಬರುತ್ತದೆ ಅನ್ನುವುದು ಅದರ ಮನೆಯವರಿಗೆ ಗೊತ್ತಿದೆಯಾ? ಗೊತ್ತಿದ್ದರೆ ಆ ಶಾಲೆಗೆ ನಾಯಕರು ಇದ್ದಾರೆ. ಇಲ್ಲದಿದ್ದರೆ ಅಲ್ಲಿ ಸಹಿ ಹಾಕುವವರು ಮಾತ್ರ ಇದ್ದಾರೆ.

ಮೊದಲ ಹೆಜ್ಜೆ: ಮಕ್ಕಳ ಪಕ್ಕ ಕೂತು ನೀವೇ ಕೇಳಿ

ಯಾರ ಜೊತೆ ಮಾತಾಡುವ ಮೊದಲೂ ನಿಮ್ಮ ಕೈಯಲ್ಲಿ ನೀವೇ ನೋಡಿದ ಸತ್ಯ ಇರಬೇಕು. ಬೇರೆಯವರ ರಿಜಿಸ್ಟರ್ ನೋಡಿ ಮಾತಾಡಿದರೆ ಮೊದಲ ಪ್ರಶ್ನೆಗೇ ಸೋಲುತ್ತೀರಿ.

ಇದಕ್ಕೆ ದೊಡ್ಡ ಪರೀಕ್ಷೆ ಏನೂ ಬೇಡ. ಪ್ರಥಮ್ ಸಂಸ್ಥೆಯವರು 2005ರಿಂದ ಹಳ್ಳಿಗಳಲ್ಲಿ ನಡೆಸುವ ‘ಅಸರ್’ ಸಮೀಕ್ಷೆಯ ಓದಿನ ಹಾಳೆ ನೋಡಿರುತ್ತೀರಿ. ಒಂದೇ ಪುಟದಲ್ಲಿ ನಾಲ್ಕು ಹಂತ: ಅಕ್ಷರ, ಪದ, ಒಂದನೇ ಕ್ಲಾಸಿನ ಮಟ್ಟದ ಪುಟ್ಟ ಪ್ಯಾರಾ, ಎರಡನೇ ಕ್ಲಾಸಿನ ಮಟ್ಟದ ಕಥೆ. ಅಂಥದ್ದೊಂದು ಹಾಳೆಯನ್ನು ನೀವೇ ಬರೆದುಕೊಳ್ಳಿ. ನಾಲ್ಕನೇ ಅಥವಾ ಐದನೇ ಕ್ಲಾಸಿನಿಂದ ಶುರು ಮಾಡಿ. ಒಂದು ಮಗುವಿಗೆ ನಾಲ್ಕೈದು ನಿಮಿಷ ಸಾಕು. ವರಾಂಡದ ಒಂದು ಮೂಲೆ ಆರಿಸಿಕೊಳ್ಳಿ. ಬೇರೆ ಮಕ್ಕಳು ಸುತ್ತ ನಿಂತು ನೋಡಬಾರದು. ನೀವು ಕುರ್ಚಿಯಲ್ಲಿ, ಮಗು ನಿಂತುಕೊಂಡು, ಹಾಗೆ ಬೇಡ. ಇಬ್ಬರೂ ಚಾಪೆ ಮೇಲೆ ಕೂರಿ. ಮೊದಲು ಊಟದಲ್ಲಿ ಏನಿತ್ತು ಅಂತ ಕೇಳಿ. ಮಗು ಸ್ವಲ್ಪ ಸಡಿಲವಾಗಲಿ.

ಇಲ್ಲಿ ಒಂದು ವಿಷಯದಲ್ಲಿ ತುಂಬಾ ಹುಷಾರಾಗಿರಬೇಕು. ಪಠ್ಯಪುಸ್ತಕ ಕೊಟ್ಟು ‘ಓದು’ ಅಂದರೆ ಎಷ್ಟೋ ಮಕ್ಕಳು ಗಳಗಳ ಓದುತ್ತಾರೆ. ಕೇಳಿದರೆ ಖುಷಿಯಾಗುತ್ತದೆ. ಆದರೆ ಮಗುವಿನ ಕಣ್ಣು ಎಲ್ಲಿದೆ ನೋಡಿ. ಬೆರಳು ಮೂರನೇ ಸಾಲಿನಲ್ಲಿರುತ್ತದೆ, ಬಾಯಿ ಐದನೇ ಸಾಲಿಗೆ ಹೋಗಿರುತ್ತದೆ. ಪಾಠ ಬಾಯಿಪಾಠ ಆಗಿದೆ. ನಡುವಿನ ಒಂದು ಪದದ ಮೇಲೆ ಬೆರಳಿಟ್ಟು ‘ಇದೇನು?’ ಅಂತ ಕೇಳಿ. ಮಗು ಸಾಲಿನ ಮೊದಲಿಗೆ ಹೋಗಿ, ಮನಸ್ಸಿನಲ್ಲೇ ಹೇಳಿಕೊಳ್ಳುತ್ತಾ ಆ ಪದದ ಹತ್ತಿರ ಬರಲು ನೋಡಿದರೆ ಅದಕ್ಕೆ ಓದು ಬಂದಿಲ್ಲ. ಹಾಗಾಗಿ ಯಾವಾಗಲೂ ಮಗು ನೋಡಿರದ ಬರಹ ಕೊಡಿ.

ಓದು ಎಲ್ಲಿ ನಿಲ್ಲುತ್ತದೆ ಅನ್ನುವುದನ್ನೂ ಬರೆದುಕೊಳ್ಳಿ. ‘ಕಮಲ’, ‘ಬಸವ’ ಓದುವ ಮಗು ‘ಕುದುರೆ’ಗೆ ತಡವರಿಸಿದರೆ ಕಾಗುಣಿತ ಕೂತಿಲ್ಲ. ‘ಹಕ್ಕಿ’ ಓದಿ ‘ಪುಸ್ತಕ’ಕ್ಕೆ ನಿಂತರೆ ವಿಜಾತಿ ಒತ್ತಕ್ಷರದ ತೊಂದರೆ. ‘ಸೂರ್ಯ’ದ ಅರ್ಕಾವತ್ತಿಗೆ ಏಳನೇ ಕ್ಲಾಸಿನವರೂ ಎಡವುತ್ತಾರೆ. ‘ಓದು ಬರಲ್ಲ’ ಅನ್ನುವುದು ದೂರು. ‘ಒತ್ತಕ್ಷರದಲ್ಲಿ ನಿಲ್ಲುತ್ತಾನೆ’ ಅನ್ನುವುದು ಕೆಲಸ. ಎರಡನೆಯದನ್ನು ಕೇಳಿದ ಟೀಚರ್‌ಗೆ ನಾಳೆ ಬೆಳಗ್ಗೆ ಏನು ಮಾಡಬೇಕು ಅಂತ ಗೊತ್ತಾಗುತ್ತದೆ.

ಮನೆಯಲ್ಲಿ ಲಂಬಾಣಿ, ತೆಲುಗು, ತುಳು, ಉರ್ದು ಮಾತಾಡುವ ಮಕ್ಕಳಿದ್ದರೆ ಅದನ್ನೂ ಹೆಸರಿನ ಮುಂದೆ ಬರೆಯಿರಿ. ಇದು ಅವರಿಗೆ ರಿಯಾಯಿತಿ ಕೊಡಲಿಕ್ಕಲ್ಲ. ಅವರ ತೊಡಕಿನ ಕಾರಣವೇ ಬೇರೆ ಇರಬಹುದು, ಅದಕ್ಕೆ.

ಚಟುವಟಿಕೆಗಳ ಮೂಲಕ ಚಿಕ್ಕ ಮಕ್ಕಳಿಗೆ ಕಲಿಸುವ ನಲಿ-ಕಲಿ ತರಗತಿಗಳಲ್ಲಿ ಈ ಕೆಲಸ ಅರ್ಧ ಆಗಿಯೇ ಇರಬೇಕು. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ಈ ಪದ್ಧತಿಯ ಜೀವಾಳವೇ ಅದು: ಕಲಿಕಾ ಏಣಿಯ ಯಾವ ಮೆಟ್ಟಿಲಲ್ಲಿ ಯಾವ ಮಗು ಇದೆ ಅನ್ನುವುದು ಟೀಚರ್‌ಗೂ ಮಗುವಿಗೂ ಗೊತ್ತಿರಬೇಕು. ಗೋಡೆಯ ಪ್ರಗತಿ ನೋಟ ಒಂದು ಹೇಳಿ ಮಗು ಇನ್ನೊಂದು ಹೇಳಿದರೆ ಮಗುವನ್ನು ನಂಬಿ.

ಇನ್ನೊಂದು ಅಂಕಿ ಹಾಜರಿಯದು. ರಿಜಿಸ್ಟರ್ ಮುಚ್ಚಿಟ್ಟು ಬಿಸಿಯೂಟದ ಅಡುಗೆಯವರನ್ನು ಕೇಳಿ. ನಿನ್ನೆ ಎಷ್ಟು ತಟ್ಟೆ ಬಡಿಸಿದ್ದು ಅಂತ ಅವರಷ್ಟು ಕರಾರುವಾಕ್ಕಾಗಿ ಹೇಳುವವರು ಶಾಲೆಯಲ್ಲಿ ಇನ್ನೊಬ್ಬರಿಲ್ಲ. ಆ ಸಂಖ್ಯೆಗೂ ರಿಜಿಸ್ಟರಿಗೂ ದೊಡ್ಡ ಅಂತರ ಇದ್ದರೆ ಬೇರೆ ಯಾವ ಪ್ರಾಮಾಣಿಕ ಮಾತಿಗೂ ಮೊದಲು ಅದನ್ನು ಸರಿ ಮಾಡಿ. ಕೈಯಲ್ಲಿ ಸುಳ್ಳು ಹಾಜರಿ ಇಟ್ಟುಕೊಂಡು ಟೀಚರ್‌ಗಳಿಗೆ ಸತ್ಯದ ಪಾಠ ಹೇಳಲು ಆಗುವುದಿಲ್ಲ. ಅವರು ಎದುರಿಗೆ ಹೇಳದಿದ್ದರೂ ಮನಸ್ಸಿನಲ್ಲಿ ಅಂದುಕೊಳ್ಳುತ್ತಾರೆ.

ಎರಡನೇ ಹೆಜ್ಜೆ: ನಿಮ್ಮ ಪಾಲಿನದನ್ನು ಮೊದಲು ತೆಗೆದುಕೊಳ್ಳಿ

ಪಟ್ಟಿ ಕೈಗೆ ಬಂದ ಕೂಡಲೇ ಸ್ಟಾಫ್ ಮೀಟಿಂಗ್ ಕರೆಯಬೇಡಿ. ಎರಡು ದಿನ ಬಿಡಿ. ಅಷ್ಟರಲ್ಲಿ ಒಂದು ತೀರ್ಮಾನ ಮಾಡಿ: ತೀರಾ ಹಿಂದಿರುವ ಮಕ್ಕಳ ಗುಂಪಿಗೆ ದಿನಕ್ಕೊಂದು ಪೀರಿಯಡ್ ನೀವೇ ಪಾಠ ಮಾಡುತ್ತೀರಿ.

ಕಚೇರಿ ಕೆಲಸ ಇದೆ, ಮಕ್ಕಳ ವಿವರ ತುಂಬುವ ಎಸ್‌ಎಟಿಎಸ್ ಆನ್‌ಲೈನ್ ಎಂಟ್ರಿ ಇದೆ, ಬಿಸಿಯೂಟದ ಲೆಕ್ಕ ಇದೆ, ಮೀಟಿಂಗ್ ಇದೆ. ಎಲ್ಲಾ ನಿಜ. ಆದರೂ ಈ ಒಂದು ಪೀರಿಯಡ್ ಬಿಡಬೇಡಿ. ಇದರಿಂದ ಎರಡು ಲಾಭ. ಆ ಮಕ್ಕಳಿಗೆ ಕಲಿಸುವುದು ಎಷ್ಟು ಕಷ್ಟ ಅಂತ ನಿಮಗೇ ಗೊತ್ತಾಗುತ್ತದೆ. ಆಗ ಟೀಚರ್‌ಗಳ ಜೊತೆ ಮಾತಾಡುವ ದನಿಯೇ ಬದಲಾಗುತ್ತದೆ. ಇನ್ನೊಂದು, ‘ಹೇಳೋದು ಸುಲಭ ಸಾರ್, ಕ್ಲಾಸಿಗೆ ಬಂದು ನೋಡಿ’ ಅನ್ನುವ ಮಾತಿಗೆ ಜಾಗವೇ ಇರುವುದಿಲ್ಲ.

ಮೂರನೇ ಹೆಜ್ಜೆ: ಟೀಚರ್ ಜೊತೆ ಒಬ್ಬೊಬ್ಬರಾಗಿ

ಇಡೀ ಕೆಲಸದಲ್ಲಿ ಅತಿ ಕಷ್ಟದ ಭಾಗ ಇದೇ. ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ಜಾಗ ಮತ್ತು ಸಮಯ. ಹೆಚ್‌ಎಂ ರೂಮಿಗೆ ಕರೆಸಬೇಡಿ. ಕರೆಸಿದರು ಅಂದ ಕೂಡಲೇ ಉಳಿದವರೆಲ್ಲ ‘ಏನಾಯ್ತು?’ ಅಂತ ಕೇಳುತ್ತಾರೆ. ಶಾಲೆ ಬಿಟ್ಟ ಮೇಲೆ ಅವರ ಕ್ಲಾಸ್‌ರೂಮಿನಲ್ಲೇ ಕೂರಿ. ಬಸ್ ಹಿಡಿಯಬೇಕಾದವರನ್ನು ನಾಲ್ಕೂವರೆಗೆ ತಡೆಯಬೇಡಿ. ಗಡಿಯಾರ ನೋಡುವವರ ಜೊತೆ ಮಾತು ನಡೆಯುವುದಿಲ್ಲ. ‘ನಾಳೆ ಮೂರನೇ ಪೀರಿಯಡ್ ನಿಮಗೆ ಬಿಡುವಿದೆ, ಐದನೇ ಕ್ಲಾಸಿನ ಓದಿನ ಬಗ್ಗೆ ಮಾತಾಡೋಣ’ ಅಂತ ವಿಷಯವನ್ನು ಹಿಂದಿನ ದಿನವೇ ಹೇಳಿ. ವಿಷಯ ಹೇಳದೆ ‘ಸ್ವಲ್ಪ ಮಾತಾಡ್ಬೇಕಿತ್ತು’ ಅಂದರೆ ರಾತ್ರಿಯೆಲ್ಲ ನಿದ್ದೆ ಕೆಡುತ್ತದೆ.

ಇನ್ನು ಮಾತು. ಹೀಗೆ ಶುರು ಮಾಡಿದರೆ ಅಲ್ಲಿಗೇ ಮುಗಿಯಿತು:

‘ಮೇಡಂ, ನಿಮ್ಮ ಕ್ಲಾಸಿನ ಮಕ್ಕಳಿಗೆ ಏನೂ ಬರಲ್ಲ. ಬಿಇಒ ಬಂದ್ರೆ ನಾನೇನು ಹೇಳಲಿ?’

ಇದರಲ್ಲಿ ಮೂರು ತಪ್ಪಿವೆ. ‘ಏನೂ ಬರಲ್ಲ’ ಅನ್ನುವುದು ನಿಜವಲ್ಲ. ಬಿಇಒ ಹೆಸರು ತಂದಿದ್ದು ಬೆದರಿಕೆ. ‘ನಾನೇನು ಹೇಳಲಿ’ ಅಂದಿದ್ದರಲ್ಲಿ ಚಿಂತೆ ನಿಮ್ಮ ಬಗ್ಗೆ, ಮಕ್ಕಳ ಬಗ್ಗೆ ಅಲ್ಲ.

ಬದಲಿಗೆ ಹೀಗೆ ಹೇಳಿ ನೋಡಿ:

‘ಮೇಡಂ, ಈ ವಾರ ನಿಮ್ಮ ಕ್ಲಾಸಿನ ಮಕ್ಕಳ ಜೊತೆ ಕೂತು ಓದಿಸಿದೆ. 22 ಜನರಲ್ಲಿ 13 ಜನ ಕಥೆ ಓದ್ತಾರೆ. 9 ಜನ ಪದದ ಹತ್ತಿರ ನಿಲ್ತಾರೆ, ಅದರಲ್ಲಿ 6 ಜನಕ್ಕೆ ಒತ್ತಕ್ಷರದ್ದೇ ತೊಂದರೆ. ಪಟ್ಟಿ ಇಲ್ಲಿದೆ. ನೀವು ದಿನಾ ನೋಡೋರು, ನನ್ನ ಕಣ್ಣಿಗೆ ಬೀಳದ್ದು ಏನಾದ್ರೂ ಇದ್ಯಾ?’

ಇಷ್ಟು ಹೇಳಿ ಬಾಯಿ ಮುಚ್ಚಿ. ನಿಜವಾಗಿಯೂ ಮುಚ್ಚಿ. ಆಮೇಲೆ ಬರುವ ಮೌನ ಸಹಿಸಲು ಕಷ್ಟ. ‘ಪರವಾಗಿಲ್ಲ ಬಿಡಿ, ಎಲ್ಲಾ ಕಡೆ ಹೀಗೇ’ ಅಂತ ತುಂಬಿಸುವ ಆಸೆ ಆಗುತ್ತದೆ. ತುಂಬಿಸಿದರೆ ನೀವು ಹೇಳಿದ ಸತ್ಯವನ್ನು ನೀವೇ ವಾಪಸ್ ತೆಗೆದುಕೊಂಡ ಹಾಗೆ.

ಟೀಚರ್ ಏನು ಹೇಳಬಹುದು? ಬಹಳ ಸಲ ಮೊದಲು ಬರುವುದು ಕಾರಣಗಳು. ಅವನ್ನು ನೆಪ ಅಂತ ತಳ್ಳಿಹಾಕಬೇಡಿ. 2025ರಲ್ಲಿ ಜಾತಿವಾರು ಸಾಮಾಜಿಕ-ಶೈಕ್ಷಣಿಕ ಸಮೀಕ್ಷೆಗಾಗಿ ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಮುಂದುವರಿಸಿದ್ದು ಎಲ್ಲರಿಗೂ ನೆನಪಿದೆ. ಬಿಎಲ್‌ಒ ಆಗಿ ಮತದಾರರ ಪಟ್ಟಿಯ ಕೆಲಸ, ತರಬೇತಿ, ಎರಡು ಕ್ಲಾಸಿಗೆ ಒಬ್ಬರೇ ಟೀಚರ್, ಜೂನ್ ಕಳೆದರೂ ಬಾರದ ಅತಿಥಿ ಶಿಕ್ಷಕರು, ಎಲ್ಲವೂ ನಿಜವಾದ ತೊಂದರೆಗಳೇ. ಪ್ರತಿಯೊಂದನ್ನೂ ಬರೆದುಕೊಳ್ಳಿ. ಆಮೇಲೆ ಆ ಹಾಳೆಯನ್ನು ಎರಡು ಭಾಗ ಮಾಡಿ: ನಮ್ಮ ಕೈಯಲ್ಲಿ ಇರುವುದು, ಇಲ್ಲದಿರುವುದು. ಇಲ್ಲದಿರುವುದನ್ನು ಮೇಲಕ್ಕೆ ಬರೆಯುವ ಜವಾಬ್ದಾರಿ ನಿಮ್ಮದು. ಇರುವುದರಲ್ಲಿ ಒಂದನ್ನು ಮಾತ್ರ ಆರಿಸಿ ‘ಇದನ್ನ ಆರು ವಾರ ಮಾಡಿ ನೋಡೋಣ್ವಾ?’ ಅಂತ ಕೇಳಿ. ಒಂದೇ ಒಂದು. ಐದು ಹೇಳಿದರೆ ಒಂದೂ ಆಗುವುದಿಲ್ಲ.

ಕೆಲವರಿಗೆ ಅಳು ಬರುತ್ತದೆ. ಕೆಲವರಿಗೆ ಸಿಟ್ಟು ಬರುತ್ತದೆ. ‘ನನಗಿಂತ ಎರಡು ವರ್ಷ ಜೂನಿಯರ್ ನೀವು’ ಅಂತ ಹೇಳುವವರೂ ಇದ್ದಾರೆ. ಆಗ ವಾದಕ್ಕೆ ಇಳಿಯಬೇಡಿ. ‘ನಿಜ, ನೀವು ಸೀನಿಯರ್. ಪಟ್ಟಿ ನಿಮ್ಮ ಹತ್ತಿರವೇ ಇರಲಿ. ನೀವೇ ಒಮ್ಮೆ ಓದಿಸಿ ನೋಡಿ, ನನ್ನದು ತಪ್ಪಿದ್ದರೆ ತಿದ್ದಿ ಕೊಡಿ’ ಅನ್ನಿ. ಮಕ್ಕಳನ್ನು ಮತ್ತೆ ಓದಿಸಿ ನೋಡಿದ ಟೀಚರ್‌ಗಳು ಬಹಳ ಸಲ ಬೇರೆಯೇ ಮನಸ್ಸಿನಿಂದ ವಾಪಸ್ ಬರುತ್ತಾರೆ. ಮಗುವಿನ ಎದುರು ಕೂತಾಗ ಸೀನಿಯಾರಿಟಿ ಲೆಕ್ಕಕ್ಕೆ ಬರುವುದಿಲ್ಲ.

ಅತಿಥಿ ಶಿಕ್ಷಕರ ವಿಷಯ ಬೇರೆ. ಅವರಿಗೆ ಕೆಲಸದ ಭದ್ರತೆ ಇಲ್ಲ. ಮುಂದಿನ ವರ್ಷ ಇರುತ್ತಾರೋ ಇಲ್ಲವೋ ಗೊತ್ತಿಲ್ಲ. ನೀವು ಎಷ್ಟೇ ಮೆಲ್ಲಗೆ ಹೇಳಿದರೂ ಅವರ ಕಿವಿಗೆ ‘ಕೆಲಸ ಹೋಗುತ್ತೆ’ ಅಂತಲೇ ಕೇಳಿಸುತ್ತದೆ. ಹಾಗಾಗಿ ಅವರ ಜೊತೆ ಮಾತಿನ ಮೊದಲ ವಾಕ್ಯವೇ ಇದಾಗಿರಲಿ: ‘ಇದಕ್ಕೂ ನಿಮ್ಮ ಮುಂದುವರಿಕೆಗೂ ಸಂಬಂಧ ಇಲ್ಲ.’ ಹೇಳಿದ ಮೇಲೆ ಅದನ್ನು ಉಳಿಸಿಕೊಳ್ಳಿ.

ಚೆನ್ನಾಗಿ ಮಾಡುತ್ತಿರುವ ಟೀಚರ್ ಜೊತೆಗೂ ಇದೇ ರೀತಿ ಕೂರಬೇಕು. ನಮ್ಮಲ್ಲಿ ಹೆಚ್‌ಎಂ ಮಾತಾಡಿಸುವುದು ತಪ್ಪಾದಾಗ ಮಾತ್ರ. ‘ನಿಮ್ಮ ಕ್ಲಾಸಿನಲ್ಲಿ ಕಾಗುಣಿತ ಇಷ್ಟು ಚೆನ್ನಾಗಿ ಕೂತಿದೆ, ಹೇಗೆ ಮಾಡಿದ್ರಿ?’ ಅಂತ ಕೇಳಿ ನೋಡಿ. ಅವರಿಗೆ ಅದು ಶಿಕ್ಷಕರ ದಿನಾಚರಣೆಯ ಶಾಲು ಹಾರಕ್ಕಿಂತ ದೊಡ್ಡದು.

ನಾಲ್ಕನೇ ಹೆಜ್ಜೆ: ಸ್ಟಾಫ್ ಮೀಟಿಂಗ್

ಒಬ್ಬೊಬ್ಬರ ಜೊತೆ ಮಾತಾದ ಮೇಲೆ ಮೀಟಿಂಗ್. ಯಾರ ಹೆಸರೂ, ಯಾವ ಸೆಕ್ಷನ್ನೂ ಹೇಳದೆ ಇಡೀ ಶಾಲೆಯ ಅಂಕಿಯನ್ನು ಬೋರ್ಡ್ ಮೇಲೆ ಬರೆಯಿರಿ. ಮೊದಲು ಮಾತಾಡಲು ಕಿರಿಯರಿಗೆ ಬಿಡಿ, ಕೊನೆಗೆ ನೀವು. ಹೆಚ್‌ಎಂ ಮೊದಲು ಮಾತಾಡಿದರೆ ಉಳಿದವರೆಲ್ಲ ಅದಕ್ಕೆ ತಲೆ ಆಡಿಸುತ್ತಾರೆ, ಅಷ್ಟೇ. ಸುತ್ತೋಲೆ ಓದುವುದು, ಸಮವಸ್ತ್ರ, ಕ್ರೀಡಾಕೂಟ ಇವನ್ನು ಈ ಮೀಟಿಂಗಿಗೆ ಸೇರಿಸಬೇಡಿ. ನಡಾವಳಿ ಪುಸ್ತಕದಲ್ಲಿ ‘ಚರ್ಚಿಸಲಾಯಿತು’ ಅಂತ ಬರೆದು ಮುಗಿಸದೆ, ಯಾರು ಏನು ಮಾಡುತ್ತಾರೆ, ಮತ್ತೆ ಯಾವಾಗ ನೋಡುತ್ತೇವೆ ಅಂತ ದಿನಾಂಕ ಹಾಕಿ ಬರೆಯಿರಿ.

ಬೋರ್ಡ್ ಮೇಲಿನ ಅಂಕಿಯ ಫೋಟೋ ವಾಟ್ಸಾಪ್ ಗ್ರೂಪಿಗೆ ಹೋಗಬಾರದು. ಇದನ್ನು ಮೀಟಿಂಗ್ ಶುರುವಾಗುವ ಮೊದಲೇ ಹೇಳಿ.

ಐದನೇ ಹೆಜ್ಜೆ: ಅಮ್ಮನಿಗೆ, ಅಪ್ಪನಿಗೆ, ಅಜ್ಜಿಗೆ

ಶಿಕ್ಷಣ ಹಕ್ಕು ಕಾಯ್ದೆ 2009ರ 24ನೇ ಸೆಕ್ಷನ್ ಶಿಕ್ಷಕರ ಕರ್ತವ್ಯಗಳನ್ನು ಪಟ್ಟಿ ಮಾಡುತ್ತದೆ. ಪೋಷಕರ ಸಭೆ ಕರೆದು ಮಗುವಿನ ಹಾಜರಿ, ಕಲಿಯುವ ಶಕ್ತಿ, ಕಲಿಕೆಯ ಪ್ರಗತಿ ತಿಳಿಸುವುದೂ ಅದರಲ್ಲಿದೆ. ಅಂದರೆ ಇದು ನೀವು ಮಾಡುವ ಉಪಕಾರ ಅಲ್ಲ, ಅವರ ಹಕ್ಕು.

ಪೋಷಕರನ್ನು ಶಾಲೆಗೆ ಕರೆಯುವ ‘ಸಮುದಾಯದತ್ತ ಶಾಲೆ’ ದಿನ ಬಹಳ ಕಡೆ ಏನಾಗುತ್ತದೆ ಅಂತ ನೋಡಿದ್ದೇವೆ. ನಾಲ್ಕು ಜಾಣ ಮಕ್ಕಳು ಮುಂದೆ ಬಂದು ಪದ್ಯ ಹೇಳುತ್ತಾರೆ. ಚಪ್ಪಾಳೆ. ಟೀ, ಬಿಸ್ಕತ್ತು. ಹಿಂದಿನ ಸಾಲಿನ ಮಗುವಿನ ಅಮ್ಮ ಬಂದ ಹಾಗೇ ವಾಪಸ್ ಹೋಗುತ್ತಾಳೆ. ಕಾರ್ಯಕ್ರಮ ಒಳ್ಳೆಯದೇ. ಆದರೆ ಅಮ್ಮನಿಗೆ ತನ್ನ ಮಗುವಿನ ವಿಷಯ ತಿಳಿಯುವುದು ವೇದಿಕೆಯ ಮೇಲಲ್ಲ, ಪಕ್ಕದಲ್ಲಿ ಕೂತು ಮಾತಾಡಿದಾಗ.

ಕೂಲಿಗೆ ಹೋಗುವವರನ್ನು ಬೆಳಗ್ಗೆ ಹನ್ನೊಂದಕ್ಕೆ ಕರೆದರೆ ಅವರು ಒಂದು ದಿನದ ಸಂಬಳ ಕಳೆದುಕೊಳ್ಳುತ್ತಾರೆ. ಸಂಜೆ ಕರೆಯಿರಿ, ಅಥವಾ ಸಂತೆ ದಿನ. ಇಲ್ಲ, ನೀವೇ ಅವರ ಮನೆ ಹತ್ತಿರ ಹೋಗಿ. ವಲಸೆ ಹೋದ ಅಪ್ಪ ಅಮ್ಮನ ಬದಲು ಅಜ್ಜಿ ಬಂದರೆ ಅವಳಿಗೂ ಅಷ್ಟೇ ಗೌರವದಿಂದ ಹೇಳಿ. ಕುರ್ಚಿ ಕೊಡಿ. ಶಾಲೆಯಲ್ಲಿ ಎಷ್ಟೋ ತಾಯಂದಿರು ಗೋಡೆಗೆ ಒರಗಿ ನಿಂತೇ ಮಾತು ಕೇಳಿಸಿಕೊಂಡು ಹೋಗುತ್ತಾರೆ, ಗಮನಿಸಿದ್ದೀರಾ?

ಮಾತಿನ ಕ್ರಮ ಸುಮಾರಾಗಿ ಹೀಗಿರಲಿ. ಮೊದಲು ಮಗುವಿನ ಬಗ್ಗೆ ನಿಜವಾದ ಒಂದು ಒಳ್ಳೆಯ ಮಾತು. ‘ಒಳ್ಳೆ ಹುಡುಗ’ ಅಂತ ಸುಮ್ನೆ ಹೇಳಿದ್ದಲ್ಲ, ಕಣ್ಣಾರೆ ಕಂಡದ್ದು. ‘ಲೆಕ್ಕ ಬಾಯಲ್ಲೇ ಮಾಡ್ತಾನೆ, ಅಂಗಡಿ ಲೆಕ್ಕ ಅಂತೂ ತಪ್ಪೋದೇ ಇಲ್ಲ.’ ಆಮೇಲೆ ನೇರವಾಗಿ: ‘ಓದೋದ್ರಲ್ಲಿ ಹಿಂದಿದ್ದಾನೆ ಅಮ್ಮ. ಐದನೇ ಕ್ಲಾಸಿನಲ್ಲಿದ್ದಾನೆ, ಎರಡನೇ ಕ್ಲಾಸಿನ ಪುಸ್ತಕ ಓದೋಕೆ ಕಷ್ಟ ಪಡ್ತಾನೆ.’ ಇಲ್ಲಿ ‘ಸ್ವಲ್ಪ’, ‘ಪರವಾಗಿಲ್ಲ’, ‘ಗಮನ ಕಡಿಮೆ’ ಅಂತ ಸೇರಿಸಬೇಡಿ. ಸೇರಿಸಿದರೆ ಅಮ್ಮ ಮನೆಗೆ ಹೋಗಿ ‘ಗಮನ ಕೊಡಲ್ವಂತೆ’ ಅಂತ ಮಗನಿಗೆ ಎರಡು ಬಿಗಿಯುತ್ತಾಳೆ. ಆಮೇಲೆ ಶಾಲೆಯ ಪಾಲು: ‘ಇದನ್ನ ನಾವು ಮೂರನೇ ಕ್ಲಾಸಿನಲ್ಲೇ ಹೇಳಬೇಕಿತ್ತು. ಹೇಳಲಿಲ್ಲ. ಈಗ ದಿನಾ ಒಂದು ಪೀರಿಯಡ್ ನಾನೇ ಕೂರಿಸಿಕೊಳ್ತೀನಿ.’ ಕೊನೆಗೆ ಮನೆಯ ಕೆಲಸ, ಅಕ್ಷರ ಬಾರದ ಅಮ್ಮನಿಗೂ ಆಗುವಂಥದ್ದು: ‘ರಾತ್ರಿ ಅಡುಗೆ ಮಾಡುವಾಗ ಹತ್ತು ನಿಮಿಷ ಪಕ್ಕದಲ್ಲಿ ಕೂತು ಓದೋಕೆ ಹೇಳಿ. ತಪ್ಪು ಸರಿ ನೋಡೋದು ಬೇಡ, ಕೇಳಿಸಿಕೊಂಡ್ರೆ ಸಾಕು.’

ಮಗು ಅಲ್ಲೇ ಇದ್ದರೆ ಅದನ್ನು ಬಿಟ್ಟು ಮಾತಾಡಬೇಡಿ. ಅದಕ್ಕೂ ಹೇಳಿ. ಆದರೆ ಬೇರೆ ಪೋಷಕರ ಎದುರು, ಅಣ್ಣ ತಂಗಿಗೆ ಹೋಲಿಸಿ ಮಾತ್ರ ಯಾವತ್ತೂ ಬೇಡ.

‘ಹೀಗೆಲ್ಲಾ ಹೇಳಿದರೆ ಟಿಸಿ ತಗೊಂಡು ಕಾನ್ವೆಂಟಿಗೆ ಹಾಕ್ತಾರೆ’ ಅನ್ನುವುದು ಹೆಚ್‌ಎಂಗಳ ದೊಡ್ಡ ಭಯ. ಮಕ್ಕಳ ಸಂಖ್ಯೆ ಕಡಿಮೆಯಾದರೆ ಹುದ್ದೆ ಹೋಗುತ್ತದೆ, ಶಾಲೆಯೇ ಮುಚ್ಚುವ ಮಾತು ಬರುತ್ತದೆ. ಭಯ ಸುಳ್ಳಲ್ಲ. ಆದರೆ ಮಕ್ಕಳು ಶಾಲೆ ಬಿಡುತ್ತಿರುವುದು ಸತ್ಯ ಕೇಳಿ ಅಲ್ಲ, ಏನೂ ಕೇಳದೆ. ಏಳನೇ ಕ್ಲಾಸಿಗೆ ಬಂದ ಮೇಲೆ ಮಗನಿಗೆ ಬಸ್ ಬೋರ್ಡ್ ಓದಲು ಬರುವುದಿಲ್ಲ ಅಂತ ಅಮ್ಮನಿಗೆ ಬೀದಿಯಲ್ಲಿ ಗೊತ್ತಾದರೆ ಅವಳು ಊರಿಗೆಲ್ಲ ಹೇಳುತ್ತಾಳೆ. ನೀವೇ ಮೊದಲು ಹೇಳಿ, ಎರಡು ತಿಂಗಳಲ್ಲಿ ಮಗ ಒತ್ತಕ್ಷರ ಓದಿದ್ದನ್ನು ತೋರಿಸಿದರೆ ಅದನ್ನೂ ಅವಳು ಊರಿಗೆಲ್ಲ ಹೇಳುತ್ತಾಳೆ.

ಆರನೇ ಹೆಜ್ಜೆ: ಎಸ್‌ಡಿಎಂಸಿ ಎದುರು

ನಮ್ಮಲ್ಲಿ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಬಂದದ್ದು 2001ರಲ್ಲಿ, ಶಿಕ್ಷಣ ಹಕ್ಕು ಕಾಯ್ದೆಗಿಂತ ಮೊದಲೇ. ಆ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಶಾಲಾ ಸಮಿತಿಯ ಮುಕ್ಕಾಲು ಪಾಲು ಸದಸ್ಯರು ಪೋಷಕರಾಗಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಕಾಗದದಲ್ಲಿ ಇದು ಇರುತ್ತದೆ. ಸಭೆಯಲ್ಲಿ ಸದಸ್ಯೆಯ ಬದಲು ಅವರ ಗಂಡ ಕೂತಿರುತ್ತಾರೆ. ನಡಾವಳಿ ಪುಸ್ತಕ ಮನೆಮನೆಗೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತದೆ.

ಇದನ್ನು ಒಂದೇ ದಿನದಲ್ಲಿ ಬದಲಿಸಲು ಹೋಗಬೇಡಿ. ದುಡ್ಡಿನಿಂದ ಶುರು ಮಾಡಿ. ಈ ವರ್ಷ ಯಾವ ಅನುದಾನ ಎಷ್ಟು ಬಂತು, ಯಾವುದಕ್ಕೆ ಎಷ್ಟು ಖರ್ಚಾಯಿತು ಅಂತ ದೊಡ್ಡ ಹಾಳೆಯಲ್ಲಿ ಬರೆದು ಊರಿನವರು ಓಡಾಡುವ ಜಾಗದಲ್ಲಿ ಅಂಟಿಸಿ. ಬಕೆಟ್, ಪೊರಕೆ, ಸೀಮೆಸುಣ್ಣ ಎಲ್ಲಾ ಇರಲಿ. ದುಡ್ಡಿನ ವಿಷಯದಲ್ಲಿ ಬಾಯಿ ಬಿಟ್ಟವರ ಉಳಿದ ಮಾತನ್ನೂ ಊರು ನಂಬುತ್ತದೆ. ಆಮೇಲೆ ಸಭೆಯಲ್ಲಿ ಮಹಿಳಾ ಸದಸ್ಯರ ಕಡೆ ತಿರುಗಿ, ಹೆಸರು ಹಿಡಿದು ಕೇಳಿ: ‘ಶೌಚಾಲಯದ ಬಗ್ಗೆ ನಿಮ್ಮ ಮಗಳು ಮನೇಲಿ ಏನು ಹೇಳ್ತಾಳೆ?’ ಇದಕ್ಕೆ ಗಂಡ ಉತ್ತರ ಕೊಡಲಾರ.

ಶೌಚಾಲಯದ ಮಾತು ಬಂತು. ಅದನ್ನು ತೊಳೆಯುವವರು ಯಾರು ಅನ್ನುವ ಪ್ರಶ್ನೆಯನ್ನು ನಮ್ಮ ಶಾಲೆಗಳಲ್ಲಿ ಯಾರೂ ಜೋರಾಗಿ ಕೇಳುವುದಿಲ್ಲ. ಮಕ್ಕಳ ಕೈಯಲ್ಲಿ ತೊಳೆಸುವಂತಿಲ್ಲ. ಎಲ್ಲಾದರೂ ತೊಳೆಸುತ್ತಿದ್ದರೆ ಯಾವ ಕೇರಿಯ ಮಕ್ಕಳ ಕೈಯಲ್ಲಿ ಅಂತ ನೋಡಿ. ಊಟಕ್ಕೆ ಕೂರುವಾಗ ಯಾರ ಪಕ್ಕ ಯಾರು ಕೂರುವುದಿಲ್ಲ, ಯಾರು ಮಾಡಿದ ಅಡುಗೆ ಬೇಡ ಅಂತ ಯಾರ ಮನೆಯಿಂದ ಡಬ್ಬಿ ಬರುತ್ತದೆ, ಅದನ್ನೂ ನೋಡಿ. ಜಾತಿಯ ಮಾತನ್ನು ಸಭೆಯಲ್ಲಿ ಎತ್ತಲು ಧೈರ್ಯ ಬೇಕು. ಭಾಷಣ ಬೇಡ. ನೀವು, ನಿಮ್ಮ ಸಿಬ್ಬಂದಿ ದಿನಾ ಮಕ್ಕಳ ಸಾಲಿನಲ್ಲೇ ಕೂತು ಅದೇ ಊಟ ಮಾಡಿ. ಆಮೇಲೆ ಮಾತಾಡಿ. ನಾಯಕತ್ವದ ಬಗ್ಗೆ ನನಗೆ ಗಟ್ಟಿಯಾದ ನಂಬಿಕೆ ಇರುವುದು ಈ ಒಂದು ವಿಷಯದಲ್ಲಿ: ಊಟದ ಸಾಲಿನಲ್ಲಿ ಕೂರದ ಹೆಚ್‌ಎಂ ಸಮಾನತೆಯ ಬಗ್ಗೆ ಮಾತಾಡಬಾರದು.

ಏಳನೇ ಹೆಜ್ಜೆ: ಮೇಲಿನವರಿಗೆ

ಸಿಆರ್‌ಪಿ, ಬಿಆರ್‌ಪಿ (ಬ್ಲಾಕ್ ಸಂಪನ್ಮೂಲ ವ್ಯಕ್ತಿ), ಬಿಇಒ ಜೊತೆ ಸತ್ಯ ಹೇಳುವಾಗ ಒಂದು ಮಾತು ನೆನಪಿರಲಿ. ಸಮಸ್ಯೆಯನ್ನು ಒಂದೇ ಕೊಡಬೇಡಿ, ಅದರ ಜೊತೆ ನಿಮ್ಮ ಯೋಜನೆ, ಬೇಕಾದ ಸಹಾಯ ಎರಡನ್ನೂ ಕೊಡಿ. ‘ನಮ್ಮ ಶಾಲೆಯಲ್ಲಿ 4 ಮತ್ತು 5ನೇ ತರಗತಿಯ 41 ಮಕ್ಕಳಲ್ಲಿ 17 ಮಕ್ಕಳು ಕಥೆ ಓದುವ ಹಂತಕ್ಕೆ ಬಂದಿಲ್ಲ. ಇವರಿಗೆ ದಿನಕ್ಕೊಂದು ಪೀರಿಯಡ್ ನಡೆಸುತ್ತಿದ್ದೇವೆ. ಡಿಸೆಂಬರ್ ಮೊದಲ ವಾರ ಮತ್ತೆ ನೋಡುತ್ತೇವೆ. ಅಲ್ಲಿಯವರೆಗೆ ಈ ಇಬ್ಬರು ಶಿಕ್ಷಕರನ್ನು ಬೇರೆ ಕೆಲಸಕ್ಕೆ ನಿಯೋಜಿಸಬಾರದಾಗಿ ಕೋರಿಕೆ.’ ಇಷ್ಟು, ಒಂದೇ ಪುಟ. ಶಿಕ್ಷಣ ಹಕ್ಕು ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಜನಗಣತಿ, ವಿಪತ್ತು ಪರಿಹಾರ, ಚುನಾವಣೆ ಬಿಟ್ಟು ಬೇರೆ ಶಿಕ್ಷಣೇತರ ಕೆಲಸಕ್ಕೆ ಶಿಕ್ಷಕರನ್ನು ಹಚ್ಚುವಂತಿಲ್ಲ. ಅದನ್ನು ಉಲ್ಲೇಖದಲ್ಲಿ ಬರೆಯಿರಿ, ಜಗಳಕ್ಕೆ ಬಳಸಬೇಡಿ.

ಸ್ವೀಕೃತಿ ಪಡೆದ ಪ್ರತಿ ನಿಮ್ಮ ಫೈಲಿನಲ್ಲಿ ಇರಲಿ. ನಾಳೆ ಫಲಿತಾಂಶ ಕೇಳಿ ನೋಟಿಸ್ ಬಂದರೆ ಆ ಪುಟವೇ ನಿಮ್ಮ ಉತ್ತರ. ಜಿಲ್ಲಾ ವಾಟ್ಸಾಪ್ ಗ್ರೂಪಿನಲ್ಲಿ ‘ನಮ್ಮದು ಶೇ 100’ ಅನ್ನುವ ಸಾಲುಸಾಲು ಮೆಸೇಜ್‌ಗಳ ನಡುವೆ ನಿಮ್ಮ ಶಾಲೆಯ ಶೇ 58 ಹಾಕಲು ಕೈ ನಡುಗುತ್ತದೆ. ಹಾಕಿ. ಮುಂದಿನ ಸಲದಿಂದ ಇನ್ನೊಬ್ಬರಿಗೂ ಧೈರ್ಯ ಬರುತ್ತದೆ.

ಎಂಟನೇ ಹೆಜ್ಜೆ: ಮಕ್ಕಳಿಂದ ಕೇಳುವುದು

ಶಾಲಾ ಸಂಸತ್ತು ಇದೆ, ಮಂತ್ರಿಗಳಿದ್ದಾರೆ. ಅವರು ತಂದ ದೂರಿಗೆ ಉತ್ತರ ಸಿಗುತ್ತದೆಯಾ? ತಿಂಗಳಿಗೊಮ್ಮೆ ಪ್ರಾರ್ಥನೆಯ ನಂತರ ಐದು ನಿಮಿಷ ಇಡಿ. ‘ಕಳೆದ ತಿಂಗಳು ನೀವು ನಲ್ಲಿ ಬಗ್ಗೆ ಹೇಳಿದ್ರಿ, ಸರಿ ಆಯ್ತು. ಆಟದ ಪೀರಿಯಡ್ ಕೇಳಿದ್ರಿ, ಅದು ಆಗಿಲ್ಲ, ಕಾರಣ ಇದು.’ ಆಗಲಿಲ್ಲ ಅಂತ ಹೇಳುವುದೂ ಉತ್ತರವೇ. ಗ್ರಾಮ ಪಂಚಾಯಿತಿಯಲ್ಲಿ ನಡೆಯುವ ಮಕ್ಕಳ ಹಕ್ಕುಗಳ ಗ್ರಾಮ ಸಭೆಗೆ ಟೀಚರ್ ಬರೆದುಕೊಟ್ಟ ಪ್ರಶ್ನೆಗಳನ್ನು ಕಳಿಸಬೇಡಿ. ಮಕ್ಕಳು ತಮ್ಮದನ್ನೇ ಕೇಳಲಿ, ಶಾಲೆಯ ವಿರುದ್ಧ ಇದ್ದರೂ.

ಹೊಡೆತದ ಬಗ್ಗೆ ಮಕ್ಕಳು ಹೇಳಿದರೆ ಮುಚ್ಚಿಡಬೇಡಿ. ದೈಹಿಕ ಶಿಕ್ಷೆ, ಮಾನಸಿಕ ಕಿರುಕುಳ ಎರಡನ್ನೂ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ನಿಷೇಧಿಸಿದೆ. ‘ದಡ್ಡ’, ‘ಎಮ್ಮೆ’ ಅಂತ ದಿನಾ ಕರೆಯುವುದೂ ಮಾನಸಿಕ ಕಿರುಕುಳವೇ.

ಲೈಂಗಿಕ ಕಿರುಕುಳದ ವಿಷಯ ಇದೆಲ್ಲಕ್ಕಿಂತ ಬೇರೆ. ಇಲ್ಲಿ ಮಾತುಕತೆ, ಒಳಗೊಳಗೇ ತೀರ್ಮಾನ, ‘ಶಾಲೆಯ ಹೆಸರು’ ಯಾವುದೂ ಇಲ್ಲ. ಮಗು ‘ಯಾರಿಗೂ ಹೇಳಬೇಡಿ’ ಅಂದರೆ ‘ಹೇಳಲ್ಲ’ ಅಂತ ಮಾತು ಕೊಡಬೇಡಿ. ‘ನಿನಗೆ ಸಹಾಯ ಮಾಡುವವರಿಗೆ ಮಾತ್ರ ಹೇಳ್ತೀನಿ, ನೀನು ಹೇಳಿದ್ದು ಒಳ್ಳೇದಾಯ್ತು, ತಪ್ಪು ನಿನ್ನದಲ್ಲ’ ಅನ್ನಿ. ಮತ್ತೆ ಮತ್ತೆ ಕೆದಕಿ ಕೇಳಬೇಡಿ. ಪೋಕ್ಸೊ ಕಾಯ್ದೆ 2012ರ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ತನ್ನ ಕೈಕೆಳಗಿನ ಸಿಬ್ಬಂದಿ ಮಾಡಿದ್ದನ್ನು ಮುಚ್ಚಿಟ್ಟ ಮುಖ್ಯಸ್ಥರಿಗೆ ಒಂದು ವರ್ಷದವರೆಗೆ ಜೈಲು ಶಿಕ್ಷೆ ಇದೆ. ಮಕ್ಕಳ ಸಹಾಯವಾಣಿ 1098 ಹಗಲು ರಾತ್ರಿ ಇರುತ್ತದೆ. ಈ ನಂಬರ್ ಹೆಚ್‌ಎಂ ರೂಮಿನ ಒಳಗಲ್ಲ, ಮಕ್ಕಳು ಕೈ ತೊಳೆಯುವ ಜಾಗದಲ್ಲಿ ಬರೆದಿರಬೇಕು.

ಒಂಬತ್ತನೇ ಹೆಜ್ಜೆ: ಮತ್ತೆ ಕೂರುವುದು

ಆರು ವಾರದ ನಂತರ ಅದೇ ಮಕ್ಕಳನ್ನು ಹೊಸ ಹಾಳೆಯೊಂದಿಗೆ ಓದಿಸಿ. ಕೆಲವರು ಮುಂದೆ ಬಂದಿರುತ್ತಾರೆ, ಕೆಲವರು ಅಲ್ಲೇ ಇರುತ್ತಾರೆ. ಅಲ್ಲೇ ಇರುವವರ ಕಣ್ಣು, ಕಿವಿ ಪರೀಕ್ಷೆ ಆಗಿದೆಯಾ ನೋಡಿ. ಬೋರ್ಡ್ ಕಾಣದೆ ‘ಹಿಂದುಳಿದ’ ಮಕ್ಕಳು ಎಲ್ಲಾ ಶಾಲೆಯಲ್ಲೂ ಇರುತ್ತಾರೆ. ಮಾತು ಕೊಟ್ಟ ಟೀಚರ್ ಕೆಲಸ ಮಾಡಿರದಿದ್ದರೆ ಈ ಸಲ ಮಾತು ಇನ್ನಷ್ಟು ನೇರವಾಗಿರಲಿ. ‘ಆರು ವಾರದ ಹಿಂದೆ ಒತ್ತಕ್ಷರದ ಅಭ್ಯಾಸ ದಿನಾ ಮಾಡಿಸ್ತೀನಿ ಅಂದಿದ್ರಿ. ಆಗಿಲ್ಲ. ಏನಾಯ್ತು?’ ಮೂರನೇ ಸಲವೂ ಆಗದಿದ್ದರೆ ಬರವಣಿಗೆಯಲ್ಲಿ ಕೊಡಿ. ಸ್ನೇಹಕ್ಕಾಗಿ ಇದನ್ನು ಮುಂದೂಡಿದರೆ ಅದರ ಬೆಲೆ ತೆರುವವರು ಆ ಆರು ಮಕ್ಕಳು.

ವರ್ಗಾವಣೆಯ ದಿನಕ್ಕೂ ಒಂದು ಕೆಲಸ ಇದೆ. ಚಾರ್ಜ್ ಕೊಡುವಾಗ ಬೀರು, ಬೆಂಚು, ಕುಕ್ಕರ್, ಕಂಪ್ಯೂಟರ್, ಬೀಗದ ಕೈ ಎಲ್ಲವನ್ನೂ ಪಟ್ಟಿ ಮಾಡಿ ಸಹಿ ಪಡೆಯುತ್ತೇವೆ. ಆ ಪಟ್ಟಿಯ ಜೊತೆ ಇನ್ನೊಂದು ಹಾಳೆ ಸೇರಿಸಿ: ಯಾವ ಮಗು ಓದಿನಲ್ಲಿ ಎಲ್ಲಿ ನಿಂತಿದೆ, ಮನೆಯವರಿಗೆ ಯಾವಾಗ ಏನು ಹೇಳಲಾಗಿದೆ, ಏನು ಹೇಳುವುದು ಬಾಕಿ ಇದೆ. ಹೊಸ ಹೆಚ್‌ಎಂ ಅದಕ್ಕೂ ಸಹಿ ಹಾಕಲಿ.